ಬರಿಗಾಡಿ ವಾಪಸು ಕೊಡದ ಸಣ್ಣತಾಯಮ್ಮ

ಹೊಳಲಿನ ಸಣ್ಣತಾಯಮ್ಮನಿಗೆ ಯಾರೂ ಏನನ್ನೂ ಕೊಡಬಾರದು. ಆ ಊರಿನ ಕೆಳಗಿನ ಕೇರಿಯ ಶಾಲೆಗೆ ಮೇಷ್ಟರಾಗಿ ಹೋದ ನಾನು ಕಲಿತ ಮೊದಲ ಪಾಠ ಇದು. ನಾನು ಮಳವಳ್ಳಿ ಕಡೆಯವನು, ಹೆಸರು ಚಿಕ್ಕಮಾದಯ್ಯ. ಊರಿಗೆ ಹೋದ ಹೊಸದರಲ್ಲೇ ಈಕೆ ತಲೆನೋವೆಂದು ಶಾಲೆಯ ಬಾಗಿಲಿಗೆ ಬಂದಳು. ಹತ್ತಿರವಿದ್ದ ಮುಲಾಮು ಕೊಟ್ಟು ಕಳಿಸಿದೆ. ಮಾರನೆಯ ದಿನ ನನ್ನ ಹೊಸಿಲ ಮೇಲೆ ಮಗುವಿನ ಗಾತ್ರದ ಕುಂಬಳಕಾಯಿ ಕೂತಿತ್ತು. ಒಬ್ಬನೇ ಬೇಯಿಸಿಕೊಂಡು ತಿನ್ನುವವನಿಗೆ ಒಂದು ಕುಂಬಳಕಾಯಿ ಎಷ್ಟು ದಿನದ ಶಿಕ್ಷೆ ಎಂದು ಅನುಭವಿಸಿದವರಿಗೇ ಗೊತ್ತು. ಸಾಕಾಗಿ ಅರ್ಧವನ್ನು ಅವಳ ಮನೆಗೇ ಕಳಿಸಿದೆ. ಸಂಜೆಗೆ ಮಡಿಲ ತುಂಬ ಅವರೆಕಾಯಿ ಬಂತು.

ಯಾಕಕ್ಕ ಹೀಗೆ ಜೀವ ತಿಂತೀಯ ಎಂದು ನೇರವಾಗಿಯೇ ಕೇಳಿದೆ.

"ಈಸ್ಕಂಡ್ ಮೇಲೆ ಮುಯ್ಯಿ ಮಾಡ್ಬೇಕಲ್ವಾ ಮೇಷ್ಟ್ರೆ. ಮಾಡ್ದಿದ್ರೆ ಅದು ಬಿಕ್ಸೆ ಆಯ್ತದೆ" ಅಂದಳು.

ಮುಯ್ಯಿ ನಮ್ಮ ಸೀಮೆಗೆ ಹೊಸದಲ್ಲ. ಇವತ್ತು ನೀನು ನನ್ನ ಗದ್ದೆಯ ನಾಟಿಗೆ ಬಂದರೆ ನಾಳೆ ನಾನು ನಿನ್ನ ಗದ್ದೆಗೆ ಇಳಿಯಬೇಕು. ಎರವಲು ತಂದ ಪಾತ್ರೆಯನ್ನು ಬರಿದಾಗಿ ವಾಪಸು ಕೊಡಬಾರದು, ಒಂದು ಹಿಡಿ ರಾಗಿಯನ್ನೋ ಒಂದು ಚೂರು ಬೆಲ್ಲವನ್ನೋ ಹಾಕಿ ಕೊಡಬೇಕು. ಎಲ್ಲರೂ ಇದನ್ನು ಪಾಲಿಸುತ್ತಾರೆ, ಆದರೆ ಮನುಷ್ಯರು ಪಾಲಿಸುವ ಹಾಗೆ ಪಾಲಿಸುತ್ತಾರೆ. ಮರೆತರೆ ಮರೆಯುತ್ತಾರೆ, ಇಲ್ಲದಿದ್ದರೆ ಇಲ್ಲ. ಸಣ್ಣತಾಯಮ್ಮ ಮಾತ್ರ ಅದನ್ನು ಉಸಿರಾಟದಂತೆ ಹಿಡಿದಿದ್ದಳು. 'ಕೊಟ್ಟವನು ಕೋಡಂಗಿ, ಇಸ್ಕೊಂಡೋನು ಈರಭದ್ರ' ಎಂಬ ಗಾದೆ ಅವಳ ವಿಷಯದಲ್ಲಿ ತಿರುಗುಮುರುಗು. ಅವಳಿಗೆ ಕೊಟ್ಟವನೇ ಈರಭದ್ರ, ಪಡೆದ ಅವಳಿಗೆ ನಿದ್ದೆಯಿಲ್ಲ.

ನಾಲೆಯ ನೀರು ಬಂದು ಊರೆಲ್ಲ ಹಸಿರಾದ ಕಾಲದಲ್ಲಿ ಮಲೇರಿಯಾ ಕೂಡ ಬಂತಲ್ಲ, ಅದರಲ್ಲಿ ಅವಳ ಗಂಡ ಹೋದ. ಉಳಿದದ್ದು ಒಂದು ತುಂಡು ಗದ್ದೆ, ಕೆಂದ ಎಂಬ ಒಂಟಿ ಎತ್ತು, ಮುದ್ದಮ್ಮ ಎಂಬ ಮಗಳು. ಒಂಟಿ ಎತ್ತಿಗೆ ಜೋಡಿಯಾಗಿ ಅವಳ ಅಣ್ಣ ಚಿಕ್ಕಬೋರಯ್ಯ ತನ್ನ ಎತ್ತನ್ನು ಕಟ್ಟುತ್ತಿದ್ದ. ತನ್ನ ಮಗನಿಗೆ ಮುದ್ದಮ್ಮನನ್ನು ತಂದುಕೊಳ್ಳಬೇಕೆಂಬುದು ಅವನ ಲೆಕ್ಕ. ಹುಡುಗಿ ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದುದು ಅವನಿಗೆ ಹಿಡಿಸುತ್ತಿರಲಿಲ್ಲ.

ಅವನು ಹೆಚ್ಚು ಕಷ್ಟಪಡುವ ಅಗತ್ಯವೂ ಇರಲಿಲ್ಲ. ಆಲೆಮನೆ ಕಾಲ ಬಂದರೆ ನಮ್ಮ ಕಡೆಯ ಶಾಲೆಗಳು ತಾವಾಗಿಯೇ ಖಾಲಿ. ಗಾಣ ತಿರುಗಿತೆಂದರೆ ದೊಡ್ಡವರು ಕಬ್ಬು ಕಡಿಯಲು, ಮಕ್ಕಳು ಕೊಪ್ಪರಿಗೆಯ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತುಂಬಲು. ಮುದ್ದಮ್ಮ ದುಡಿಯದಿದ್ದರೆ ಮನೆಯ ಒಲೆ ಹೊತ್ತುತ್ತಿರಲಿಲ್ಲ. ಮೂರು ನಾಲ್ಕು ತಿಂಗಳು ಶಾಲೆ ತಪ್ಪಿಸಿದ ಹುಡುಗಿ ಮಿಡ್ಲ್ ಸ್ಕೂಲಿನ ಕೊನೆಗೆ ಬರುವ ಲೋಯರ್ ಸೆಕೆಂಡರಿ ಪರೀಕ್ಷೆ ಪಾಸಾಗುವುದು ಹೇಗೆ? ಖಾಲಿ ಶಾಲೆಯಲ್ಲಿ ಕೂತು ನಾನು ಹಾಜರಿ ಕೂಗುತ್ತಿದ್ದೆ, ಗೋಡೆಯ ಹಲ್ಲಿ ಲೊಚಗುಟ್ಟುತ್ತಿತ್ತು.

ಆಗ ಬಂದವನು ಮದ್ದೂರಿನ ಸಿದ್ದರಾಮು. ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ ಹುಡುಗ. ಮಳವಳ್ಳಿ ಕಡೆಯ ಮಕ್ಕಳಿಲ್ಲದ ಜಮೀನುದಾರರೊಬ್ಬರು ತಮ್ಮ ತೋಟಗದ್ದೆಯ ಉತ್ಪತ್ತಿಯನ್ನು ವಿಶ್ವವಿದ್ಯಾನಿಲಯಕ್ಕೆ ದತ್ತಿ ಬಿಟ್ಟಿದ್ದರು. ವಿದ್ಯಾರ್ಥಿಗಳು ತಾವೇ ಯೋಚಿಸಿದ, ಹಿಂದೆ ಯಾರೂ ಮಾಡಿರದ ಕೆಲಸವನ್ನು ತಾವೇ ನಿಂತು ನಡೆಸುವುದಾದರೆ ಅದಕ್ಕೆ ಬೇಕಾದ್ದನ್ನು ದತ್ತಿಯಿಂದ ಕೊಡಬೇಕೆಂಬುದು ಅವರ ಇಚ್ಛೆ. ಸಿದ್ದರಾಮುವಿನ ಯೋಚನೆ ಸರಳವಾಗಿತ್ತು: ಮಕ್ಕಳು ಆಲೆಮನೆಗೆ ಹೋಗುತ್ತಾರಾದರೆ ಶಾಲೆಯೂ ಆಲೆಮನೆಗೆ ಹೋಗಲಿ. ಒಂದು ಎತ್ತಿನ ಗಾಡಿ, ಅದರ ಹಿಂಬದಿಗೆ ಕಪ್ಪು ಹಲಗೆ, ಒಳಗೆ ಸ್ಲೇಟು, ಪುಸ್ತಕ, ಚಾಪೆ. ಒಂದು ಆಲೆಮನೆಯಿಂದ ಇನ್ನೊಂದಕ್ಕೆ ಗಾಡಿ ಹೋಗುತ್ತದೆ. ರಜೆಯಲ್ಲಿ ಮತ್ತು ಶನಿವಾರ ಭಾನುವಾರ ಅವನೂ ಅವನ ಗೆಳೆಯರೂ ರೈಲಿನಲ್ಲಿ ಬಂದು ಪಾಠ ಹೇಳುತ್ತಾರೆ, ಉಳಿದ ದಿನ ನಾನು.

ಇಷ್ಟು ಒಳ್ಳೆಯ ಯೋಚನೆಗೆ ತೊಡಕು ಬರಲೇಬೇಕಲ್ಲ. ದತ್ತಿಯ ಸಮಿತಿಗೆ ಮಂಡ್ಯದ ಗುತ್ತಲಿನಲ್ಲಿ ಮನೆ ಮಾಡಿಕೊಂಡಿದ್ದ ನಿವೃತ್ತ ಪ್ರೊಫೆಸರೊಬ್ಬರು ಅಧ್ಯಕ್ಷರು. ಅವರ ಮನೆಯ ಜಗಲಿಯೇ ಕಚೇರಿ. ಖಾದಿ ಬಟ್ಟೆ, ಬಿಳಿ ಮೀಸೆ, ಯಾರ ಮನೆಯಲ್ಲೂ ಒಂದು ಲೋಟ ಕಾಫಿಯನ್ನೂ ಮುಟ್ಟದ ಪ್ರಾಮಾಣಿಕತೆ. ಅವರು ಗಾಡಿ ಕೊಟ್ಟರು, ಹಲಗೆ ಕೊಟ್ಟರು, ಸ್ಲೇಟು ಕೊಟ್ಟರು. ಎತ್ತು ಮಾತ್ರ ಕೊಡಲಿಲ್ಲ. ಸಾಯುವ ವಸ್ತುವಿಗೆ ದತ್ತಿಯಿಂದ ಕೊಡಲು ನಿಯಮವಿಲ್ಲವಂತೆ. ಹಾಗಾದರೆ ನೊಗಕ್ಕೆ ಏನು ಕಟ್ಟುವುದು, ನನ್ನನ್ನೇ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನಾನು ಮಂಡ್ಯದಿಂದ ಹೊಳಲಿನವರೆಗೆ ಗೊಣಗುತ್ತಲೇ ನಡೆದು ಬಂದೆ.

ನನ್ನ ಗೊಣಗಾಟ ಕೇಳಿದ ಸಣ್ಣತಾಯಮ್ಮ ಕೆಂದನನ್ನು ಹಿಡಿದುಕೊಂಡು ಬಂದಳು. ಜೋಡಿಗೆ ಅಣ್ಣನ ಎತ್ತನ್ನು ಕೇಳಿದಳು. ಚಿಕ್ಕಬೋರಯ್ಯ ಪಂಚಾಯಿತಿಯ ಎದುರೇ ಷರತ್ತು ಹಾಕಿದ. ಎತ್ತು ಕೊಡುತ್ತೇನೆ, ಬರುವ ವರ್ಷ ಹುಡುಗಿ ಪರೀಕ್ಷೆಗೆ ಕೂರಲಿ. ಪಾಸಾದರೆ ಓದಲಿ, ಇಲ್ಲದಿದ್ದರೆ ಮುಂದಿನ ಲಗ್ನದಲ್ಲೇ ನಮ್ಮ ಮನೆಗೆ ಬರಬೇಕು. ಸಣ್ಣತಾಯಮ್ಮ ಆಗಲೆಂದಳು. ಮಗಳ ಜೀವಮಾನವನ್ನು ಒಂದು ಎತ್ತಿನ ಕೊರಳಿಗೆ ಕಟ್ಟಿದೆಯಲ್ಲೇ ಎಂದು ನನಗೆ ಅವಳ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಆದರೆ ಬೇರೆ ದಾರಿ ಇತ್ತೆಂದು ನನಗೂ ತೋರಲಿಲ್ಲ.

ಮೊದಲ ವರ್ಷ ಗಾಡಿಶಾಲೆ ಚೆನ್ನಾಗಿಯೇ ನಡೆಯಿತು. ಮೇಲಿನ ಕೇರಿಯ ಮಕ್ಕಳು ಗಾಡಿಯ ಒಂದು ಪಕ್ಕ, ನಮ್ಮ ಕೇರಿಯ ಮಕ್ಕಳು ಇನ್ನೊಂದು ಪಕ್ಕ ಕೂರಲು ನೋಡಿದರು. ಹಲಗೆ ಇದ್ದದ್ದು ಹಿಂಬದಿಯಲ್ಲಿ. ಪಕ್ಕದಲ್ಲಿ ಕೂತವರಿಗೆ ಚಕ್ರ ಕಾಣುತ್ತಿತ್ತೇ ಹೊರತು ಅಕ್ಷರ ಕಾಣುತ್ತಿರಲಿಲ್ಲ. ನಾಲ್ಕು ದಿನದಲ್ಲಿ ಎಲ್ಲರೂ ಹಿಂದೆ ಬಂದು ಒಟ್ಟಿಗೆ ಕೂತರು. ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಆದ್ದರಿಂದ ಎಲ್ಲ ಪಾಠವೂ ಹಗಲಲ್ಲೇ. ಮುದ್ದಮ್ಮ ಒಲೆಯ ಬಾಯಿಗೆ ಸಿಪ್ಪೆ ತಳ್ಳುತ್ತ ನದಿಗಳ ಹೆಸರು ಒಪ್ಪಿಸುವಳು. ಪಾಕ ಹದಕ್ಕೆ ಬಂತು, ಬೆಂಕಿ ತಗ್ಗಿಸು ಎಂದು ಬೆಲ್ಲ ತೆಗೆಯುವವನು ಕೂಗಿದರೆ ಗೋದಾವರಿಯನ್ನು ಅರ್ಧಕ್ಕೆ ಬಿಟ್ಟು ಓಡುವಳು.

ಎರಡನೆಯ ವರ್ಷ, ಪರೀಕ್ಷೆಗೆ ಇನ್ನೂ ಸಮಯವಿರುವಾಗ, ಸಮಿತಿ ತಪಾಸಣೆಗೆ ಬರುವುದೆಂದು ಸುದ್ದಿ ಬಂತು. ಗಾಡಿ ಮುಂದೆ ಇಲ್ಲಿಯೇ ಇರಬೇಕೋ ಬೇಡವೋ ಎಂದು ಅವರು ನೋಡಿ ತೀರ್ಮಾನಿಸಬೇಕು. ನಾನು ಹಲಗೆಗೆ ಮಸಿ ಬಳಿಸಿದೆ, ಮಕ್ಕಳ ತಲೆಗೆ ಎಣ್ಣೆ ಹಚ್ಚಿಸಿದೆ, ಮುದ್ದಮ್ಮನಿಗೆ ಒಂದು ಪದ್ಯ ಬಾಯಿಪಾಠ ಮಾಡಿಸಿದೆ. ಸಣ್ಣತಾಯಮ್ಮನಿಗೆ ಮಾತ್ರ ಏನೂ ಹೇಳಲಿಲ್ಲ. ಅವಳನ್ನು ಆ ದಿನ ಕಟ್ಟಿಹಾಕಬೇಕಿತ್ತು.

ಅಧ್ಯಕ್ಷರೂ ಇನ್ನೊಬ್ಬರು ಸದಸ್ಯರೂ ಮಂಡ್ಯದಿಂದ ಜಟಕಾದಲ್ಲಿ ಬಂದಿಳಿದರು. ನಾನು ಅವರನ್ನು ಆಲೆಮನೆಯ ಹಿಂದಕ್ಕೆ ಕರೆದೊಯ್ದೆ. ಹಲಗೆ ನೆಲದ ಮೇಲಿತ್ತು. ಸ್ಲೇಟು, ಚಾಪೆ ಎಲ್ಲ ನೆಲದ ಮೇಲಿದ್ದವು. ಗಾಡಿಯ ತುಂಬ ಅಚ್ಚುಬೆಲ್ಲ, ಅದರ ಮೇಲೆ ಕುಂಬಳಕಾಯಿ, ಅವರೆಕಾಯಿಯ ಮೂಟೆ, ಎಲ್ಲದರ ತುದಿಯಲ್ಲಿ ಕಾಲು ಕಟ್ಟಿದ ಒಂದು ಹುಂಜ. ಪಕ್ಕದಲ್ಲಿ ಸಣ್ಣತಾಯಮ್ಮ ಒಗೆದ ಸೀರೆ ಉಟ್ಟು ಕೈಮುಗಿದು ನಿಂತಿದ್ದಳು. ಕೇರಿಯ ಮನೆ ಮನೆಗೆ ಹೋಗಿ ಕೂಡಿಸಿದ್ದಳಂತೆ, ಗಾಡಿ ಈಸಿಕೊಂಡು ವರ್ಷ ಕಳೆದರೂ ಕೊಟ್ಟವರಿಗೆ ಮುಯ್ಯಿ ಹೋಗಿಲ್ಲವೆಂದು.

ಶಾಲೆಯ ಗಾಡಿಯಲ್ಲಿ ಬೆಲ್ಲ ಸಾಗಿಸುತ್ತಿದ್ದೀರಾ ಎಂದು ಅಧ್ಯಕ್ಷರು ಕೇಳಿದರು. ಇಲ್ಲ ಸ್ವಾಮಿ, ಇದೆಲ್ಲ ತಮಗೇ ಎಂದು ಸಣ್ಣತಾಯಮ್ಮ ಸಂತೋಷದಿಂದ ಹೇಳಿದಳು. ನಿಮ್ಮ ಮನೆಯಲ್ಲಿ ಸುಣ್ಣ ಬಳಿಯುವುದೋ ಸೌದೆ ಒಡೆಯುವುದೋ ಇದ್ದರೆ ಕೇರಿಯಿಂದ ಆಳುಗಳೂ ಬರುತ್ತಾರೆ ಎಂದು ಬೇರೆ ಸೇರಿಸಿದಳು. ಅಧ್ಯಕ್ಷರ ಮುಖ ಕೆಂಪಗಾಯಿತು. ತಪಾಸಣೆಗೆ ಬಂದವರಿಗೆ ಗಾಡಿಗಟ್ಟಲೆ ಲಂಚ ಕೊಡುವ ಧೈರ್ಯ ಯಾರು ಕಲಿಸಿದರೆಂದು ನನ್ನ ಕಡೆ ತಿರುಗಿ ಕೇಳಿದರು. ಇದು ಲಂಚವಲ್ಲ, ನಮ್ಮ ಕಡೆಯ ಪದ್ಧತಿ ಎಂದು ಹೇಳಹೋದೆ. ಯಾವ ಪದ್ಧತಿಯಾದರೂ ಆಗಲಿ, ಸಮಿತಿಯವರು ಒಂದು ಹುಲ್ಲುಕಡ್ಡಿಯನ್ನೂ ಮುಟ್ಟಬಾರದೆಂದು ನಿಯಮವಿದೆ ಎಂದರು.

ಆಕೆ ಒಂದು ಅಚ್ಚು ಬೆಲ್ಲವನ್ನಾದರೂ ಬಾಯಿಗೆ ಹಾಕಿಕೊಳ್ಳಿ ಎಂದು ಕೈಚಾಚಿದಳು. ಅಧ್ಯಕ್ಷರು ಒಂದು ಹೆಜ್ಜೆ ಹಿಂದೆ ಸರಿದರು. ಆ ಒಂದು ಹೆಜ್ಜೆ ಎಲ್ಲವನ್ನೂ ಕೆಡಿಸಿತು. ಕೈ ಕೆಳಗಿಳಿಸಿದ ಸಣ್ಣತಾಯಮ್ಮ ಅವರನ್ನೇ ದಿಟ್ಟಿಸಿ, ಮುಯ್ಯಿ ತೆಗೆದುಕೊಳ್ಳದವರ ಗಾಡಿ ನಮಗೂ ಬೇಡ ಎಂದುಬಿಟ್ಟಳು. ಮುದ್ದಮ್ಮ ಒಲೆಯ ಬಳಿ ಸಿಪ್ಪೆ ಹಿಡಿದುಕೊಂಡು ನಿಂತಿದ್ದಳು. ಬಾಯಿಪಾಠದ ಪದ್ಯ ಯಾರೂ ಕೇಳಲಿಲ್ಲ.

ಅವರು ಹೋದ ಮೇಲೆ ನಾನು ಅವಳ ಮೇಲೆ ಕೂಗಾಡಿದೆ. ಮಗಳ ಪರೀಕ್ಷೆ ಕಣ್ಣೆದುರಿಗಿದೆ, ಗಾಡಿ ಹೋದರೆ ನಿನ್ನಣ್ಣ ವಾಲಗದವರನ್ನು ಗೊತ್ತುಮಾಡುತ್ತಾನೆ, ಆ ಮನುಷ್ಯನಿಗೆ ಅದೊಂದು ನಿಯಮ, ಅಷ್ಟೇ ಎಂದೆ. ಅವಳು ಹುಂಜದ ಕಾಲಿನ ಹಗ್ಗ ಬಿಚ್ಚುತ್ತಿದ್ದಳು.

"ನಮ್ ತಾತನ್ ಕಾಲದಿಂದ್ಲೂ ಒಂದಲ್ಲ ಒಂದು ನಿಯಮ ಐತೆ ಕಣ್ ಮೇಷ್ಟ್ರೆ, ನಮ್ ಕೈಯಿಂದು ತಿನ್ಬಾರ್ದು ಅನ್ನಾಕೆ" ಅಂದಳು.

ನಾನು ಬಗ್ಗಿ ನೆಲದ ಮೇಲಿದ್ದ ಸ್ಲೇಟುಗಳನ್ನು ಎತ್ತಿಡತೊಡಗಿದೆ. ನಾನೂ ಅದೇ ಕೇರಿಯಂಥ ಕೇರಿಯಲ್ಲಿ ಹುಟ್ಟಿದವನು.

ತಿಂಗಳೊಳಗೆ ಗಾಡಿಯನ್ನು ಗುತ್ತಲಿಗೆ ವಾಪಸು ತಂದು ಬಿಡಬೇಕೆಂದು ಸಮಿತಿಯ ಜವಾನ ಬಂದು ಹೇಳಿಹೋದ. ಸಿದ್ದರಾಮು ಸುದ್ದಿ ಕೇಳಿ ಓಡಿಬಂದ. ಅವನು ಆಲೆಮನೆಯ ಕಂಬಕ್ಕೆ ಒರಗಿ ಅಳುವ ಹಾಗೆ ಕೂತುಬಿಟ್ಟ. ಸಣ್ಣತಾಯಮ್ಮ ಮಾತ್ರ ಗಾಡಿ ಕೊಟ್ಟು ಬರೋಣ ಎಂದು ಎತ್ತು ಕಟ್ಟಿದಳು. ಕಟ್ಟಿದವಳು ಮತ್ತೆ ಬೆಲ್ಲ, ಕುಂಬಳಕಾಯಿ, ಅವರೆಕಾಯಿ ಎಲ್ಲ ತುಂಬಿದಳು. ಯಾಕೆ ಎಂದರೆ, ಎರವಲು ತಂದದ್ದನ್ನು ಬರಿದಾಗಿ ಹೇಗೆ ಕೊಡುವುದು, ಅವರ ಮನೆಗೆ ಕೇಡಲ್ಲವೇ ಎಂದು ನನ್ನನ್ನೇ ಕೇಳಿದಳು. ಅವರ ಮನೆಯ ಕೇಡಿನ ಚಿಂತೆಯೂ ಇವಳಿಗೇ.

ಗುತ್ತಲಿನ ಗೇಟಿನಲ್ಲಿ ಜವಾನ ಗಾಡಿ ನೋಡಿ ಒಳಗೆ ಹೋಗಿ ಕೇಳಿಕೊಂಡು ಬಂದ. ಖಾಲಿ ಮಾಡಿ ತಂದರೆ ತೆಗೆದುಕೊಳ್ಳುತ್ತಾರೆ, ತುಂಬಿದ ಗಾಡಿಯನ್ನು ಒಳಗೆ ಬಿಡುವಂತಿಲ್ಲ. ಬರಿಗಾಡಿ ಕೊಡುವುದಿಲ್ಲ ಎಂದು ಇವಳು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಡುವೆ ಬಿಸಿಲಲ್ಲಿ ನಿಂತವನು ನಾನು. ಕೊನೆಗೆ ತುಂಬಿದ ಗಾಡಿಯನ್ನೇ ಹೊಳಲಿಗೆ ಹೊಡೆದುಕೊಂಡು ಬಂದೆವು. ಮಾರನೆಯ ದಿನ ಹಲಗೆ ಕಟ್ಟಿ ಪಾಠ ಶುರುಮಾಡಿದೆ. ಗಾಡಿ ಇದೆಯಲ್ಲ, ಸುಮ್ಮನೆ ಯಾಕಿರಬೇಕು?

ಜವಾನ ಮತ್ತೆ ಬಂದ. ನಾವು ಮತ್ತೆ ಹೋದೆವು, ಮತ್ತೆ ತುಂಬಿದ ಗಾಡಿ. ಈ ಸಲ ನನ್ನ ತಾಳ್ಮೆ ಕಿತ್ತುಹೋಯಿತು. ಗೇಟು ದಾಟಿ ಜಗಲಿ ಹತ್ತಿದೆ. ಅಧ್ಯಕ್ಷರು ಪತ್ರಿಕೆ ಓದುತ್ತಿದ್ದರು. ಕೆಲಸ ಹೋದರೆ ಹೋಗಲಿ ಎಂದುಕೊಂಡು ಹೇಳಿದೆ: ತಾವು ನಿಯಮಕ್ಕಾಗಿ ಹಿಂದೆ ಸರಿದಿರಿ, ಆಕೆಗೆ ಕಂಡದ್ದು ಬೇರೆ. ಅವಳ ಹಿರಿಯರಿಂದ ಹಿಂದೆ ಸರಿದ ಕಾಲುಗಳನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಾಳೆ. ಬಿಟ್ಟಿ ಕೊಡುವ ಕೈ ಅವಳಿಗೆ ಹೊಸದಲ್ಲ ಸ್ವಾಮಿ, ಅವಳ ಕೈಯಿಂದ ತೆಗೆದುಕೊಳ್ಳುವ ಕೈ ಬೇಕಾಗಿದೆ.

ಅವರ ಕೈಯಲ್ಲಿದ್ದ ಪತ್ರಿಕೆ ಕೆಳಗಿಳಿಯಿತು. ಎದ್ದು ಒಳಗೆ ಹೋದರು. ಬಂದು ಒಂದು ಅಚ್ಚು ಬೆಲ್ಲ ತಿಂದಿದ್ದರೆ ಅವತ್ತೇ ಮುಗಿಯುತ್ತಿತ್ತು. ತಿನ್ನಲಿಲ್ಲ. ಓದಿದವರಿಗೆ ಅರ್ಥವಾಗುವುದಕ್ಕೂ ಕೈ ಮುಂದೆ ಬರುವುದಕ್ಕೂ ನಡುವೆ ಬೇಕಾದಷ್ಟು ಕಾಲ ಹಿಡಿಯುತ್ತದೆ. ಆದರೆ ಆಮೇಲೆ ಜವಾನ ಹೊಳಲಿಗೆ ಬರಲಿಲ್ಲ.

ಪರೀಕ್ಷೆಯ ದಿನ ಬಂತು. ಮಂಡ್ಯಕ್ಕೆ ಮಕ್ಕಳನ್ನು ಗಾಡಿಯಲ್ಲೇ ಕರೆದೊಯ್ಯಬೇಕು. ಬೆಳಗ್ಗೆ ನೋಡಿದರೆ ಚಿಕ್ಕಬೋರಯ್ಯನ ಎತ್ತಿಲ್ಲ. ಕಾಲು ಉಳುಕಿದೆಯೆಂದು ಹೇಳಿ ಕಳಿಸಿದ್ದ. ಉಳುಕಿದ್ದು ಎತ್ತಿನ ಕಾಲಲ್ಲ, ಅವನ ಮನಸ್ಸು ಎಂದು ಕೇರಿಗೆಲ್ಲ ಗೊತ್ತು. ಮುದ್ದಮ್ಮ ಬಣ್ಣವಿಲ್ಲದ ಮುಖ ಮಾಡಿಕೊಂಡು ಗಾಡಿಯಲ್ಲಿ ಕೂತಿದ್ದಳು. ನಾನು ಹಣೆ ಚಚ್ಚಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಆಲೆಮನೆಯ ಒಡೆಯರಾದ ಗೌಡರ ಮನೆಯಿಂದ ಒಂದು ಎತ್ತು ಬಂತು, ಹಿಂದೆಯೇ ಮೇಲಿನ ಕೇರಿಯ ಇನ್ನೊಂದು ಮನೆಯಿಂದಲೂ ಒಂದು. ಯಾರೂ ಕೇಳಿರಲಿಲ್ಲ. ಸಣ್ಣತಾಯಮ್ಮನಿಗೆ ಮುಯ್ಯಿ ತೀರಿಸಬೇಕಾದವರು ಊರ ತುಂಬ ಇದ್ದರು. ಅವಳ ಕುಂಬಳಕಾಯಿಗಳ ಬೆಲೆ ನನಗೆ ತಿಳಿದದ್ದು ಅವತ್ತು.

ಫಲಿತಾಂಶ ಬಂದಾಗ ಗಾಡಿಶಾಲೆಯಲ್ಲಿ ಓದಿದ ಮಕ್ಕಳು ಬಹಳ ಮಂದಿ ಪಾಸಾಗಿದ್ದರು. ಮುದ್ದಮ್ಮ ಮೇಲಿನ ದರ್ಜೆಯಲ್ಲಿ ಪಾಸಾಗಿದ್ದಳು. ಚಿಕ್ಕಬೋರಯ್ಯ ಮೂರು ದಿನ ಕೇರಿಯಲ್ಲಿ ಮುಖ ತೋರಿಸಲಿಲ್ಲ. ಇನ್ನು ಸುಮ್ಮನಿರಬಹುದಿತ್ತಲ್ಲ? ಇಲ್ಲ. ಸಣ್ಣತಾಯಮ್ಮ ಮತ್ತೆ ಎತ್ತು ಕಟ್ಟಿದಳು. ಓದು ಮುಗಿಯಿತು, ಇನ್ನು ಬೇರೆಯವರ ಗಾಡಿಯನ್ನು ಇಟ್ಟುಕೊಳ್ಳುವುದು ಕಳ್ಳತನ ಎಂದಳು. ಜಗಳವಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಸಿದ್ದರಾಮುವೂ ಹತ್ತಿಕೊಂಡ.

ಈ ಸಲ ಗಾಡಿಯಲ್ಲಿ ಕುಂಬಳಕಾಯಿ ಇರಲಿಲ್ಲ. ಪಾಸಾದ ಮಕ್ಕಳನ್ನು ತಲೆ ಬಾಚಿಸಿ ಕೂರಿಸಿದ್ದಳು. ಗೇಟಿನಲ್ಲಿ ಜವಾನ ಅಡ್ಡ ಬಂದ. ಅಧ್ಯಕ್ಷರು ತಾವೇ ಜಗಲಿಯಿಂದ ಇಳಿದು ಬಂದು, ಈ ಸಲ ಏನು ತಂದಿದ್ದೀರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮುದ್ದಮ್ಮ ಗಾಡಿಯಿಂದ ಇಳಿದಳು.

"ನಮ್ನೇ ತಂದದೆ ನಮ್ಮವ್ವ. ನಮ್ನೂ ಈಸ್ಕಬಾರ್ದು ಅಂತ ನಿಯಮ ಐತಾ ಸ್ವಾಮಿ?"

ಅಧ್ಯಕ್ಷರು ಆ ಮಕ್ಕಳನ್ನು ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ಸಣ್ಣತಾಯಮ್ಮನ ಕಡೆ ತಿರುಗಿ, ಬೆಲ್ಲ ತಂದಿಲ್ಲವೇನಮ್ಮ ಎಂದರು. ಇವಳು ಸೆರಗಿನ ಗಂಟು ಬಿಚ್ಚಿ ಒಂದು ಅಚ್ಚು ತೆಗೆದಳು. ಬೇಕಾದೀತೆಂದು ತಂದಿದ್ದಳೋ, ಹಟಕ್ಕೆ ತಂದಿದ್ದಳೋ, ನಾನು ಕೇಳಲಿಲ್ಲ. ಅವರು ಅದನ್ನು ಅವಳ ಕೈಯಿಂದಲೇ ತೆಗೆದುಕೊಂಡು, ಬೀದಿಯವರೆಲ್ಲ ನೋಡುತ್ತಿರುವಾಗಲೇ ಬಾಯಿಗೆ ಹಾಕಿಕೊಂಡರು. ಹಲ್ಲಿಲ್ಲದ ಮುದುಕರು, ಬೆಲ್ಲ ಬೇಗ ಕರಗಲಿಲ್ಲ. ನಿಧಾನವಾಗಿ ಚೀಪುತ್ತ ನಿಂತರು. ಸಿದ್ದರಾಮು ಆ ಕಡೆ ತಿರುಗಿಕೊಂಡ. ನನಗೆ ಸಿಟ್ಟು ಬಂತು. ಇದೇ ಬೆಲ್ಲ ಅವತ್ತೇ ಬಾಯಿಗೆ ಹೋಗಿದ್ದರೆ ನಾನು ಗುತ್ತಲಿನ ದಾರಿಯ ಧೂಳನ್ನು ಇಷ್ಟೊಂದು ಕುಡಿಯಬೇಕಾಗಿರಲಿಲ್ಲ.

ಗಾಡಿ ಹೊಳಲಿನಲ್ಲೇ ಇರಲಿ, ಸಿದ್ದರಾಮು ಓದು ಮುಗಿಸಿದ ಮೇಲೆ ಬೇರೆ ವಿದ್ಯಾರ್ಥಿಗಳು ಬಂದು ನಡೆಸಲಿ ಎಂದು ಅವರು ಹೇಳಿದರು. ಮುದ್ದಮ್ಮನನ್ನು ಮಂಡ್ಯದಲ್ಲಿ ಹೈಸ್ಕೂಲಿಗೆ ಸೇರಿಸಿ, ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಜಾಗ ಕೊಡಿಸುತ್ತೇನೆ, ಇವತ್ತೇ ಬಿಟ್ಟು ಹೋಗಿ ಎಂದರು. ಹೊರಡುವಾಗ ತಡೆದು, ಬರಿಗಾಡಿ ಕಳಿಸಬಾರದಲ್ಲವೇ ಎಂದು ಜವಾನನಿಂದ ತಮ್ಮ ಮನೆಯ ಪುಸ್ತಕಗಳನ್ನು ಗಾಡಿಗೆ ತುಂಬಿಸಿದರು. ಮುಗಿಯಿತು ಕಥೆ ಎಂದುಕೊಂಡೆ. ಇಷ್ಟು ಪುಸ್ತಕಕ್ಕೆ ಇವಳು ಇನ್ನೆಷ್ಟು ಕುಂಬಳಕಾಯಿ ಹೊರಿಸುತ್ತಾಳೋ!

ಹುಡುಗಿಯನ್ನು ಹಾಸ್ಟೆಲಿನಲ್ಲಿ ಬಿಟ್ಟು ಹೊರಟೆವು. ಸಕ್ಕರೆ ಕಾರ್ಖಾನೆಯ ಚಿಮಣಿ ಹಿಂದೆ ಉಳಿಯಿತು. ಮುದ್ದಮ್ಮ ಕೂರುತ್ತಿದ್ದ ಜಾಗದಲ್ಲಿ ಪುಸ್ತಕಗಳಿದ್ದವು. ಸಣ್ಣತಾಯಮ್ಮ ಸೆರಗಿನಿಂದ ಅವುಗಳ ಧೂಳು ಒರೆಸಿದಳು, ಮತ್ತೆ ಅದೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಏನಾದರೂ ಹೇಳಬೇಕೆನ್ನಿಸಿ, ಈ ಪುಸ್ತಕಕ್ಕೆ ಮುಯ್ಯಿ ಏನು ಮಾಡುತ್ತೀಯಕ್ಕ ಎಂದು ಕೇಳಿದೆ.

ಅವಳು ಎತ್ತಿನ ಹಗ್ಗವನ್ನು ನನ್ನ ಕೈಗೆ ಕೊಟ್ಟಳು.

"ನಾನ್ಯಾಕ್ ಮಾಡ್ಲಿ ಮೇಷ್ಟ್ರೆ? ಮಗ್ಳನ್ನೇ ಕೊಟ್ಟು ಬಂದಿವ್ನಿ. ಇನ್ ಮುಯ್ಯಿ ಅವ್ರ್ ಮ್ಯಾಲೈತೆ."